ಒಂದೇ ಯಂತ್ರವೋ, ಬೇರೆ ಬೇರೆ ಯಂತ್ರಗಳೋ?

ನಮ್ಮ ತಂದೆಯವರು ಹೊಸೂರಿನ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ದುಡಿದು ನಿವೃತ್ತರಾದಾಗ, ಕೈಗೆ ಬಂದ ಗ್ರಾಚ್ಯುಟಿ ಹಣದಲ್ಲಿ ಒಂದು ಪಾಲನ್ನು ಯಂತ್ರಕ್ಕೆಂದು ತೆಗೆದಿರಿಸಿದರು. ಹಸುವಿಲ್ಲದೆ ಬರಿದಾಗಿದ್ದ ಹಿತ್ತಲ ಕೊಟ್ಟಿಗೆ ಹತ್ತಡಿ ಉದ್ದ, ಎಂಟಡಿ ಅಗಲ. ಅದೇ ಕಾರ್ಯಾಗಾರವಾಗಬೇಕಿತ್ತು. ಸುತ್ತಲಿನ ಗುಲಾಬಿ ತೋಟಗಳ ಪಂಪುಗಳಿಗೆ ಬುಶ್, ಪಿನ್, ಶಾಫ್ಟ್‌ಗಳನ್ನು ಮಾಡಿಕೊಟ್ಟರೆ ಮನೆಖರ್ಚಿಗೆ ಆಸರೆಯಾದೀತೆಂಬುದು ಅವರ ಎಣಿಕೆ.

ಲೇಥ್, ಡ್ರಿಲ್, ಮಿಲ್ಲಿಂಗ್ ಮೂರೂ ಒಂದರಲ್ಲೇ ಇರುವ ಜಂಟಿ ಯಂತ್ರಕ್ಕೆ ತಮ್ಮನು ಮನಸೋತನು. ಸ್ಥಳವೂ ಉಳಿತಾಯ, ಹಣವೂ ಉಳಿತಾಯವೆಂದು ವಾದಿಸಿದನು. ಯಂತ್ರವಿದ್ಯೆಯನ್ನರಿಯದ ನಮ್ಮ ತಾಯಿಯವರು ಒಂದೇ ಪ್ರಶ್ನೆ ಕೇಳಿದರು: "ಒಲೆ ಒಂದೇ ಆದರೆ, ಸಾರು ಇಳಿಸದೆ ಅನ್ನಕ್ಕಿಡುವುದು ಹೇಗಪ್ಪಾ?"

ವಿಷಯದ ತಿರುಳೆಲ್ಲ ಆ ಮಾತಿನಲ್ಲಿತ್ತು. ಜಂಟಿ ಯಂತ್ರದಲ್ಲಿ ಸಾಮಾನ್ಯವಾಗಿ ಲೇಥಿನ ಕ್ರಾಸ್ ಸ್ಲೈಡೇ ಮಿಲ್ಲಿಂಗ್‌ನ ಮೇಜೂ ಆಗಿರುತ್ತದೆ. ಅದರ ಮೇಲೆ ಅಳತೆ ಹಿಡಿದು ಕೂರಿಸಿದ ಕೆಲಸದ ನಡುವೆ ಚಿಕ್ಕದೊಂದು ಪಿನ್ ಕಡೆಯಬೇಕಾದರೂ ಕೂರಿಸಿದ್ದನ್ನು ಬಿಚ್ಚಬೇಕು. ಮತ್ತೆ ಕೂರಿಸಿ ಅಳತೆ ಹಿಡಿಯಬೇಕು. ಮೇಲಿನ ತಲೆ ಗುಂಡುಕಂಬದ ಮೇಲಿದ್ದರೆ, ಅದನ್ನು ಸಡಿಲಿಸಿ ಏರಿಸುವಾಗ ಪಕ್ಕಕ್ಕೆ ತಿರುಗಿ ಹಿಡಿದ ನೆಲೆ ತಪ್ಪುವುದುಂಟು. ಮೋಟಾರು ಒಂದೇ ಇದ್ದು ಅದು ಕೆಟ್ಟರಂತೂ ಸಕಲ ಕೆಲಸವೂ ನಿಂತಂತೆ.

ಆದರೂ ಜಂಟಿ ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆಸ್ಟ್ರಿಯಾದ ಎಮ್ಕೊ ಸಂಸ್ಥೆ 1950ರ ದಶಕದಲ್ಲಿ ಹೊರತಂದ ಯೂನಿಮ್ಯಾಟ್ ಎಂಬ ಪುಟ್ಟ ಲೇಥಿನ ತಲೆಯನ್ನು ಕಂಬಕ್ಕೇರಿಸಿದರೆ ಅದೇ ಡ್ರಿಲ್ಲಿಂಗ್, ಮಿಲ್ಲಿಂಗ್ ಯಂತ್ರವಾಗುತ್ತಿತ್ತು. ಮೇಜಿನ ಮೇಲೆ ಮಾದರಿ ಎಂಜಿನ್ ಕಟ್ಟುವ ಹವ್ಯಾಸಿಗಳಿಗೆ ಅದು ವರವಾಯಿತು. ಬಿಡುವಿನ ವೇಳೆಯಲ್ಲಿ, ಅವಸರವಿಲ್ಲದೆ ದುಡಿಯುವವರಿಗೆ ಇಂತಹ ಯಂತ್ರ ಇಂದಿಗೂ ಸಾಕು. ಗಿರಾಕಿ ಬಾಗಿಲಲ್ಲಿ ಕಾದಿರುವಾಗ ಮಾತ್ರ ಬಿಚ್ಚಿ ಕೂರಿಸುವ ಪ್ರತಿ ಗಳಿಗೆಯೂ ನಷ್ಟವೇ.

ಕೊನೆಗೆ ನಾವು ಗಟ್ಟಿಮುಟ್ಟಾದ ಒಂದು ಲೇಥನ್ನೂ ಮೇಜಿನ ಮೇಲಿಡುವ ಪ್ರತ್ಯೇಕ ಡ್ರಿಲ್ಲನ್ನೂ ಕೊಂಡೆವು. ಮಿಲ್ಲಿಂಗ್ ಯಂತ್ರವನ್ನು ಮುಂದಕ್ಕೆ ಹಾಕಿದೆವು. ಶಾಫ್ಟಿಗೆ ಕೀ-ವೇ ಕೊರೆಯಬೇಕಾದಾಗ, ಲೇಥಿನ ಕ್ರಾಸ್ ಸ್ಲೈಡಿಗೆ ಮಿಲ್ಲಿಂಗ್ ಅಟ್ಯಾಚ್‌ಮೆಂಟ್ ಜೋಡಿಸಿ, ಕಟರನ್ನು ಲೇಥಿನ ಸ್ಪಿಂಡಲ್‌ನಲ್ಲಿ ಹಿಡಿದು, ಸ್ವಲ್ಪಸ್ವಲ್ಪವಾಗಿ ಕತ್ತರಿಸುತ್ತೇವೆ. ನಿಧಾನವಾದರೂ ಅಂತಹ ಕೆಲಸ ನಮಗೆ ಬರುವುದು ಅಪರೂಪ.

ಕೊಳ್ಳಲು ಹೊರಟ ಓದುಗ ಬಾಂಧವರಿಗೆ ನಮ್ಮ ಅನುಭವದ ಎರಡು ಮಾತು. ಯಂತ್ರದ ಬೆಲೆಯೊಂದೇ ಖರ್ಚಲ್ಲ. ಚಕ್, ವೈಸ್, ಕಟರ್, ಮೈಕ್ರೋಮೀಟರುಗಳಿಗೂ ಹಣ ಉಳಿಸಿಕೊಳ್ಳಿರಿ. ಮನೆಗೆ ಸಿಂಗಲ್ ಫೇಸ್ ವಿದ್ಯುತ್ತು ಮಾತ್ರ ಇದ್ದರೆ ಮೋಟಾರು ಅದಕ್ಕೆ ಹೊಂದುವುದೇ ಎಂದು ಮೊದಲೇ ವಿಚಾರಿಸಿರಿ. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ಹೊರಡುವ ಕ್ಷಣದಲ್ಲಿ ಮೋಟಾರು ಸೆಳೆಯುವ ವಿದ್ಯುತ್ತು ಅದಕ್ಕಿಂತ ಎಷ್ಟೋ ಹೆಚ್ಚು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕೊಟ್ಟಿಗೆಯ ಅಳತೆಯನ್ನು ತಮ್ಮನು ಟೇಪಿನಿಂದ ಹಿಡಿದನು; ಬರಲಿರುವ ಕೆಲಸದ ಅಳತೆಯನ್ನು ತಾಯಿಯವರು ಒಲೆಯ ಮುಂದೆ ಕುಳಿತೇ ಹಿಡಿದರು. ಈಗ ತಂದೆಯವರು ಲೇಥಿನ ಮುಂದೆ ನಿಂತಿರುವಾಗ ತಮ್ಮನು ಡ್ರಿಲ್ಲಿನ ಮುಂದಿರುತ್ತಾನೆ. ಯಾರೂ ಯಾರಿಗೂ ಕಾಯಬೇಕಾಗಿಲ್ಲ.