ಕಣ ಕಿರಿದಾದರೆ ಬೆಳಕೇಕೆ ಕುಂದುತ್ತದೆ?

ಸಿ.ಎಫ್.ಎಲ್. ದೀಪದ ಗಾಜಿನ ಒಳಮೈಗೆ ಹಚ್ಚಿದ ಬಿಳಿಯ ಹುಡಿಯನ್ನು ನಾವೆಲ್ಲ ಕಂಡವರೇ. ಪಾದರಸದ ಆವಿಯಿಂದ ಹೊರಡುವ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೀರಿ, ಕಾಣುವ ಬೆಳಕನ್ನು ಕೊಡುವುದು ಈ ಹುಡಿಯೇ. ಅದರ ಕೆಂಪು ಬೆಳಕಿಗೆ ಕಾರಣ, ಯಿಟ್ರಿಯಂ ಆಕ್ಸೈಡಿನ ಸ್ಫಟಿಕದೊಳಗೆ ಅಲ್ಪ ಪ್ರಮಾಣದಲ್ಲಿ ಬೆರೆಸಿದ ಯುರೋಪಿಯಂ. ಫ್ರಾನ್ಸಿನ ದೆಮಾರ್ಸೆ 1901ರಲ್ಲಿ ಬೇರ್ಪಡಿಸಿದ ಈ ಧಾತು 'ವಿರಳ ಭಸ್ಮ' ಧಾತುಗಳ ಗುಂಪಿಗೆ ಸೇರಿದುದು. ಹೆಸರು ವಿರಳವಾದರೂ ಈ ಕುಟುಂಬ ನಮಗೆ ದೂರದ್ದೇನಲ್ಲ. ಕೊಲ್ಲಂ ಜಿಲ್ಲೆಯ ಚವರ ಕಡಲತೀರದ ಕರಿಮರಳಿನಲ್ಲಿರುವ ಮೊನಜೈಟ್ ಖನಿಜದಲ್ಲಿ ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ ಮೊದಲಾದ ಬಂಧುಗಳಿವೆ.

ದೀಪದ ಹುಡಿಯ ಕಣಗಳು ಮಿಲಿಮೀಟರಿನ ಸಾವಿರದ ಕೆಲವು ಪಾಲಿನಷ್ಟು ದೊಡ್ಡವು. ಇವನ್ನೇ ಇನ್ನೂ ನೂರಾರು ಪಟ್ಟು ಕಿರಿದಾಗಿಸಿ, ಹತ್ತಿಪ್ಪತ್ತು ನ್ಯಾನೋಮೀಟರಿಗೆ ಇಳಿಸಿದರೆ ಬೆಳಕು ಏನಾಗುತ್ತದೆ? ಹತ್ತು ಲಕ್ಷ ನ್ಯಾನೋಮೀಟರ್ ಸೇರಿದರೆ ಒಂದು ಮಿಲಿಮೀಟರ್ ಎಂಬುದು ನೆನಪಿರಲಿ.

ಮೊದಲು ಬಣ್ಣದ ಮಾತು. 2023ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕಕ್ಕೆ ಕಾರಣವಾದ 'ಕ್ವಾಂಟಂ ಚುಕ್ಕೆ'ಗಳಲ್ಲಿ ಗಾತ್ರ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಯುರೋಪಿಯಂ ಹಾಗಲ್ಲ. ಅದರಲ್ಲಿ ಬೆಳಕು ಸೂಸುವ ಎಲೆಕ್ಟ್ರಾನುಗಳು ಒಳಕೋಣೆಯಲ್ಲಿವೆ; ಚಾವಡಿಯಲ್ಲಿ ಬೇರೆ ಎಲೆಕ್ಟ್ರಾನುಗಳು ಕಾವಲಿವೆ. ಹೊರಗಿನ ಗದ್ದಲ ಒಳಕ್ಕೆ ಹೆಚ್ಚು ಮುಟ್ಟದು. ಆದುದರಿಂದ ಕಣ ಕಿರಿದಾದರೂ ಬೆಳಕು 611 ನ್ಯಾನೋಮೀಟರಿನ ಆಸುಪಾಸಿನ ಅದೇ ಕೆಂಪು.

ಕುಂದುವುದು ಪ್ರಕಾಶ. ಕಣದ ಮೇಲ್ಮೈಯಲ್ಲಿ ಸ್ಫಟಿಕದ ಜೋಡಣೆ ಮುರಿದಿರುತ್ತದೆ. ತೇವದ ಅಂಶವೂ ಅಂಟಿಕೊಂಡಿರುತ್ತದೆ. ಅಲ್ಲಿಗೆ ತಲಪಿದ ಶಕ್ತಿ ಬೆಳಕಾಗದೆ ಕಂಪನವಾಗಿ, ಬಿಸಿಯಾಗಿ ಪೋಲಾಗುತ್ತದೆ. ಅಂಗಳದಲ್ಲಿ ದೊಡ್ಡ ರಾಶಿ ಹಾಕಿದ ಅಡಿಕೆಗೆ ತುಂತುರು ಮಳೆ ಬಂದರೆ ತೋಯುವುದು ಮೇಲಿನವು ಮಾತ್ರ. ಅದನ್ನೇ ನೂರು ಪುಟ್ಟ ರಾಶಿ ಮಾಡಿದರೆ ಹೆಚ್ಚಿನವು ತೋಯುತ್ತವೆ.

ಲೆಕ್ಕ ಹಾಕಿ ನೋಡೋಣ. 1000 ನ್ಯಾನೋಮೀಟರ್ ವ್ಯಾಸದ ಗೋಲದಲ್ಲಿ ಹೊರಗಿನ ಒಂದು ನ್ಯಾನೋಮೀಟರ್ ದಪ್ಪದ ಸಿಪ್ಪೆಯಲ್ಲಿರುವುದು ಘನಫಲದ ಶೇಕಡಾ 0.6 ಮಾತ್ರ. 100 ನ್ಯಾನೋಮೀಟರಿನದರಲ್ಲಿ ಸುಮಾರು 6. ಆದರೆ 10 ನ್ಯಾನೋಮೀಟರಿನ ಗೋಲದಲ್ಲಿ ಶೇಕಡಾ 49! ಹೆಚ್ಚುಕಡಿಮೆ ಅರ್ಧದಷ್ಟು ಸಿಪ್ಪೆಯೇ.

ಹಾಗಾದರೆ ಇಷ್ಟು ಸಣ್ಣದು ಮಾಡುವುದೇಕೆ? ಜೀವಕೋಶದೊಳಗೆ ಹೊಕ್ಕು, ರೋಗದ ನೆಲೆಯನ್ನು ಹೊಳೆದು ತೋರಿಸಬೇಕಾದರೆ ಕಣ ಪುಟ್ಟದಾಗಿರಲೇಬೇಕು. ಯಿಟರ್ಬಿಯಂ, ಎರ್ಬಿಯಂ ಬೆರೆಸಿದ ಫ್ಲೋರೈಡ್ ಕಣಗಳು, ಮಾಂಸದೊಳಗೆ ಕೊಂಚ ಆಳಕ್ಕೆ ಇಳಿಯಬಲ್ಲ 980 ನ್ಯಾನೋಮೀಟರಿನ ಅವಕೆಂಪು ಕಿರಣವನ್ನು ಹೀರಿ ಹಸಿರು, ಕೆಂಪು ಬೆಳಕು ಕೊಡುತ್ತವೆ. ಇವುಗಳಲ್ಲಿ ಎರಡು ಬಣ್ಣಗಳ ಪ್ರಮಾಣ ಮಾತ್ರ ಗಾತ್ರದೊಂದಿಗೆ ಏರುಪೇರಾಗುವುದುಂಟು. ಪುಟ್ಟದಾದರೆ ಮಂಕು, ದೊಡ್ಡದಾದರೆ ಕೋಶದೊಳಗೆ ಹೋಗದು. ಈ ಇಕ್ಕಟ್ಟಿಗೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಸರಳವಾದುದು. ಬೆಳಗುವ ತಿರುಳಿನ ಮೇಲೆ ಎರ್ಬಿಯಂ ಯಿಟರ್ಬಿಯಂ ಇಲ್ಲದ, ಅದೇ ಜಾತಿಯ ಸ್ಫಟಿಕದ ತೆಳುವಾದ ಚಿಪ್ಪು ಬೆಳೆಸುವುದು. ತೋಯುವುದು ಚಿಪ್ಪು, ತಿರುಳು ಬೆಚ್ಚಗೆ ಉಳಿದು ಹಲವು ಪಟ್ಟು ಹೆಚ್ಚು ಬೆಳಗುತ್ತದೆ.

ನಾವು ಮೇಲೆ ಮಾಡಿದ ಲೆಕ್ಕಕ್ಕೆ ಬೇಕಾದುದು ಹೈಸ್ಕೂಲಿನಲ್ಲಿ ಕಲಿಯುವ ಗೋಲದ ಘನಫಲದ ಸೂತ್ರವೊಂದೇ. ಕನ್ನಡದಲ್ಲಿ ವಿಜ್ಞಾನ ಓದಿದರೆ ಮಕ್ಕಳು ಹಿಂದುಳಿದಾರೆಂದು ಅಳುಕುವ ಹೆತ್ತವರು ಇಂದು ರಾತ್ರಿ ಮಕ್ಕಳನ್ನು ಕೂರಿಸಿ, 20 ನ್ಯಾನೋಮೀಟರಿನ ಕಣದ ಸಿಪ್ಪೆ ಎಷ್ಟೆಂದು ಕೇಳಲಿ. ಉತ್ತರ ಶೇಕಡಾ 27. ಮಾಡಿ ತೋರಿಸುವ ಮಕ್ಕಳು ಮನೆಮನೆಯಲ್ಲೂ ಇದ್ದಾರೆ.