ಮೋಳಿಗೆಯ ಮಾರಯ್ಯನವರ ಎರಡು ತ್ಯಾಗಗಳು

ಅಧಿಕಾರ, ಸಂಪತ್ತು, ಊರು, ಆಪ್ತರು - ಇವುಗಳಲ್ಲಿ ಯಾವುದು ನೀಗಿದರೂ ಮನುಷ್ಯನ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಇನ್ನು ಬಾಳುವುದು ಯಾತಕ್ಕಾಗಿ? ಈ ಪ್ರಶ್ನೆಯನ್ನು ಎರಡು ಸಲ ಎದುರಿಸಿದ ಶರಣರು ಮೋಳಿಗೆಯ ಮಾರಯ್ಯನವರು. ಮೊದಲನೆಯ ಸಲ ಅವರಿಗೆ ಉತ್ತರ ದೊರೆತುದು ಕಾಯಕದಲ್ಲಿ. ಎರಡನೆಯ ಸಲ ಮಡದಿಯ ಮಾತಿನಲ್ಲಿ.

ಪರಂಪರೆಯ ಪ್ರಕಾರ ಮಾರಯ್ಯನವರು ಕಾಶ್ಮೀರದ ಮಾಂಡವ್ಯಪುರದ ಅರಸರು. ಅವರ ಮೊದಲಿನ ಹೆಸರು ಮಹಾದೇವ ಭೂಪಾಲ. 12ನೆಯ ಶತಮಾನದಲ್ಲಿ ಬಸವಣ್ಣನವರ ಕೀರ್ತಿಯನ್ನು ಕೇಳಿ, ರಾಜ್ಯವನ್ನು ತೊರೆದು, ಪತ್ನಿಯೊಡನೆ ಕಲ್ಯಾಣಕ್ಕೆ ಬಂದರು. ಈ ವೃತ್ತಾಂತವು ಕಾವ್ಯ, ಪುರಾಣ, ಶೂನ್ಯಸಂಪಾದನೆಗಳ ಮೂಲಕ ಉಳಿದುಬಂದಿದೆ. ಅಂದಿನ ಕಲ್ಯಾಣವೇ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ನೆರೆಯ ಹುಮನಾಬಾದ ತಾಲ್ಲೂಕಿನ ಮೋಳಕೇರಾ ಗ್ರಾಮದಲ್ಲಿ ಮಾರಯ್ಯನವರ ಗವಿಯನ್ನು ಜನರು ಇಂದಿಗೂ ಭಕ್ತಿಯಿಂದ ತೋರಿಸುತ್ತಾರೆ.

ಕಲ್ಯಾಣಕ್ಕೆ ಬಂದ ಅರಸರು ಕೈಗೊಂಡುದು ಕಟ್ಟಿಗೆ ಕಡಿದು ಮಾರುವ ಕಾಯಕ. ‘ಮೋಳಿಗೆ’ ಎಂದರೆ ಕಟ್ಟಿಗೆಯ ಹೊರೆ. ಕಿರೀಟ ಹೊತ್ತ ತಲೆ ಹೊರೆಯನ್ನು ಹೊತ್ತಿತು; ಆ ಹೊರೆಯೇ ಹೆಸರಾಯಿತು. ಬಂದ ಹಣದಿಂದ ಅಂಬಲಿ ಕಾಯಿಸಿ, ಜಂಗಮಕ್ಕೆ ನೀಡಿ ದಂಪತಿಗಳು ಬಾಳಿದರು. ಒಮ್ಮೆ ಬಸವಣ್ಣನವರು ಮಾರಯ್ಯನವರಿಲ್ಲದ ವೇಳೆಯಲ್ಲಿ ಅವರ ಮನೆಗೆ ಬಂದು, ಬಡತನವನ್ನು ಕಂಡು ಕನಿಕರಗೊಂಡು, ಗುಟ್ಟಾಗಿ ಹೊನ್ನನ್ನು ಇಟ್ಟುಹೋದರೆಂದು ಕಥೆ. ಮಾರಯ್ಯನವರು ಆ ಹೊನ್ನನ್ನು ತಮಗಾಗಿ ಇರಿಸಿಕೊಳ್ಳದೆ ಜಂಗಮರಿಗೆ ಸಲ್ಲಿಸಿಬಿಟ್ಟರು. ಅದನ್ನು ಸ್ವೀಕರಿಸಿದ್ದರೆ ಹೊಟ್ಟೆಯ ಚಿಂತೆ ಕಳೆಯುತ್ತಿತ್ತು. ಆದರೆ ಬೆಳಗಾದರೆ ಕೊಡಲಿ ಹಿಡಿದು ಕಾಡಿಗೆ ಹೊರಡುವ ಕಾರಣವೂ ಅದರೊಡನೆ ಕಳೆಯುತ್ತಿತ್ತು. ಬಡತನಕ್ಕೆ ಮರುಗಿದ ಕನಿಕರವು ಕಾಯಕದ ಸಿರಿಯನ್ನು ಕಾಣಲಿಲ್ಲವೆಂಬುದು ಈ ಕಥೆಯ ಹುರುಳು.

ಆದರೆ ವೃತ್ತಾಂತವು ಇಲ್ಲಿಗೇ ಮುಗಿಯುವುದಿಲ್ಲ. ಕಾಲಾಂತರದಲ್ಲಿ ಮಾರಯ್ಯನವರ ಮನಸ್ಸು ಕೈಲಾಸವನ್ನು ಬಯಸಿತು. ಶೂನ್ಯಸಂಪಾದನೆಯ ಮೋಳಿಗಯ್ಯಗಳ ಪ್ರಕರಣದಲ್ಲಿ ಈ ಸಂದರ್ಭ ಬರುತ್ತದೆ. ಆಗ ಪತ್ನಿ ಮಹಾದೇವಿಯಮ್ಮನವರು ಪತಿಯನ್ನು ತಡೆದು ವಿಚಾರಕ್ಕೆ ಹಚ್ಚುತ್ತಾರೆ: ದೇಶಕೋಶಗಳನ್ನು ಬಿಟ್ಟು ಬಂದುದು ಮತ್ತೊಂದು ಪದವಿಯನ್ನು ಪಡೆಯುವುದಕ್ಕಾಗಿಯೇ? ಇರುವ ತಾಣದಲ್ಲಿ ಕಾಣದ ವಸ್ತುವು ಬೇರೆಡೆ ದೊರೆತೀತೆ? ರಾಜ್ಯದ ಆಸೆಯಂತೆ ಕೈಲಾಸದ ಆಸೆಯೂ ಆಸೆಯೇ ಎಂಬುದು ಅವರ ವಾದದ ತಿರುಳು. ಮಾರಯ್ಯನವರು ಮಡದಿಯ ಮಾತಿಗೆ ತಲೆಬಾಗಿದರು. ಮೊದಲನೆಯ ತ್ಯಾಗ ರಾಜ್ಯದ್ದಾದರೆ ಎರಡನೆಯದು ಫಲಾಪೇಕ್ಷೆಯದು. ಎರಡನೆಯದೇ ಹೆಚ್ಚು ಕಠಿಣ. ಏಕೆಂದರೆ ಅದು ಭಕ್ತಿಯ ವೇಷದಲ್ಲಿಯೇ ಅಡಗಿತ್ತು.

ಸಾಹಿತ್ಯಾಭ್ಯಾಸಿಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಾರಯ್ಯನವರ 800ಕ್ಕೂ ಹೆಚ್ಚು ವಚನಗಳು ‘ನಿಃಕಳಂಕ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ದೊರೆತಿವೆ. ಮಹಾದೇವಿಯಮ್ಮನವರ ಅಂಕಿತ ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ’. ಪತಿಯ ಅಂಕಿತವನ್ನೇ ಒಡಲಲ್ಲಿ ಇಟ್ಟುಕೊಂಡು ಅದನ್ನು ‘ಇಮ್ಮಡಿ’ಗೊಳಿಸಿದ ಈ ಹೆಸರು, ಅನುಸರಿಸುತ್ತಲೇ ತಿದ್ದಬಲ್ಲ ಸತಿಯ ಅಧಿಕಾರವನ್ನು ಸೂಚಿಸುವಂತಿದೆ.

ಮಾರಯ್ಯನವರು ತಾವಾಗಿ ತೊರೆದರು. ಲೋಕದ ಬಹುಪಾಲು ಜನರು ತೊರೆಯುವುದಿಲ್ಲ, ಕಳೆದುಕೊಳ್ಳುತ್ತಾರೆ. ಸೇವೆಯಿಂದ ನಿವೃತ್ತರಾದವರು, ಸಂಗಾತಿಯನ್ನು ಅಗಲಿದವರು, ಹೊಲಮನೆ ಬಿಟ್ಟು ದೂರದ ಪಟ್ಟಣ ಸೇರಿದವರು - ಇವರ ನೋವನ್ನು ತ್ಯಾಗವೆಂದು ಹೊಗಳುವುದು ಸಲ್ಲದು. ಆದರೆ ಮರುದಿನದ ಬೆಳಗು ಇಬ್ಬರಿಗೂ ಒಂದೇ. ಆ ಬೆಳಗಿನಲ್ಲಿ ಹಿಂದಿನ ಹಿರಿಮೆಗೆ ಸಮನಾದ ಮತ್ತೊಂದು ಹಿರಿಮೆಯನ್ನು ಅರಸುವುದು ವ್ಯರ್ಥ. ಕೈಗೆ ನಿಲುಕುವ ಒಂದು ಕೆಲಸ, ಅದರ ಫಲದಲ್ಲಿ ಮತ್ತೊಬ್ಬರಿಗೊಂದು ಪಾಲು, ದಾರಿ ತಪ್ಪಿದಾಗ ಅಂಜದೆ ಹೇಳುವ ಒಬ್ಬ ಆಪ್ತರು - ಅರಸರಾಗಿದ್ದವರಿಗೂ ಇಷ್ಟೇ ಸಾಕಾಯಿತು.