ಆವಿಯಿಂದ ತಂಪು: ಯಾವ ಊರಿಗೆ ಎಷ್ಟು?

ನೀರು ಆವಿಯಾಗಲು ಶಾಖ ಬೇಕು. ಅದನ್ನು ನೀರು ಸುತ್ತಲಿನ ಗಾಳಿಯಿಂದಲೂ ತಾನು ತಾಗಿದ ವಸ್ತುವಿನಿಂದಲೂ ಎಳೆದುಕೊಳ್ಳುತ್ತದೆ; ಎರಡೂ ತಣ್ಣಗಾಗುತ್ತವೆ. ಮಣ್ಣಿನ ಮಡಕೆಯ ನೀರು ಬೇಸಿಗೆಯಲ್ಲೂ ತಣ್ಣಗಿರುವುದು, ಒದ್ದೆ ಮೈಯಲ್ಲಿ ಫ್ಯಾನಿನ ಕೆಳಗೆ ನಿಂತರೆ ಚಳಿಯೆನಿಸುವುದು ಇದರಿಂದಲೇ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೀರುತ್ತದೆ. ಗಂಟೆಗೆ ಒಂದು ಲೀಟರ್ ಆರಿದರೂ 650 ವ್ಯಾಟ್‌ಗಿಂತ ಹೆಚ್ಚು ಶಾಖವನ್ನು ಗಾಳಿಯಿಂದ ತೆಗೆದಂತಾಯಿತು.

ಮನೆ ತಂಪಾಗಿಸಲು ಈ ಗುಣವನ್ನು ಬಳಸಿಕೊಳ್ಳುವುದು ಹಳೆಯ ರೂಢಿ. ಉತ್ತರ ಭಾರತದಲ್ಲಿ ಲಾವಂಚದ ಬೇರಿನ ತಟ್ಟಿಗಳನ್ನು ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಬಿಸಿಗಾಳಿ ಅದನ್ನು ಹಾದು ತಣ್ಣಗಾಗಿ, ಪರಿಮಳವನ್ನೂ ಹೊತ್ತು ಒಳಗೆ ಬರುತ್ತಿತ್ತು. ಇಂದಿನ ಏರ್ ಕೂಲರ್ ಅದೇ ತಟ್ಟಿಯ ಯಂತ್ರರೂಪ. ತಳದ ತೊಟ್ಟಿಯ ನೀರನ್ನು ಸಣ್ಣ ಪಂಪು ಮೇಲಕ್ಕೆತ್ತಿ ಪ್ಯಾಡಿನ ಮೇಲೆ ಹರಿಸುತ್ತದೆ. ಫ್ಯಾನು ಹೊರಗಿನ ಗಾಳಿಯನ್ನು ಆ ಒದ್ದೆ ಪ್ಯಾಡಿನ ಮೂಲಕ ಎಳೆದು ಕೋಣೆಗೆ ನೂಕುತ್ತದೆ. ಪ್ಯಾಡು ಮರದ ನಾರಿನದಾಗಿರಬಹುದು, ಜೇನುಗೂಡಿನಂತೆ ಮಡಿಸಿದ ದಪ್ಪ ಕಾಗದದ್ದಾಗಿರಬಹುದು. ಓಡುವುದು ಫ್ಯಾನು ಮತ್ತು ಪಂಪು ಮಾತ್ರ ಆದ್ದರಿಂದ, ಏಸಿಗೆ ತಗಲುವ ವಿದ್ಯುತ್ತಿನ ಸಣ್ಣ ಪಾಲು ಸಾಕಾಗುತ್ತದೆ.

ಈ ತಂಪಿಗೆ ಒಂದು ಮಿತಿಯಿದೆ. ಅದನ್ನು ಗೊತ್ತುಮಾಡುವುದು ಬಿಸಿಲಿನ ತೀವ್ರತೆಯೊಂದೇ ಅಲ್ಲ, ಗಾಳಿ ಎಷ್ಟು ಒಣಗಿದೆ ಎಂಬುದು ಕೂಡ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನಿನ ಗಾಳಿಗೆ ಹಿಡಿದರೆ ಪಾದರಸ ಇಳಿಯುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಆ ಅಂಕಿಗೆ ಒದ್ದೆ ಬಲ್ಬ್ ಉಷ್ಣಾಂಶ ಎಂದು ಹೆಸರು. ಸಾಮಾನ್ಯ ಕೂಲರ್ ಅದಕ್ಕಿಂತ ಕೆಳಗೆ ಗಾಳಿಯನ್ನು ತಣಿಸಲಾರದು. ಒಳ್ಳೆಯ ಪ್ಯಾಡಿದ್ದರೆ ಬಟ್ಟೆ ಸುತ್ತದ ಥರ್ಮಾಮೀಟರಿನ ಒಣ ಅಂಕಿ ಮತ್ತು ಈ ಒದ್ದೆ ಅಂಕಿಗಳ ಅಂತರದ ಸುಮಾರು ಶೇ 80ರಷ್ಟು ಇಳಿಸಬಲ್ಲದು. ಕೂಲರ್ ಕೊಳ್ಳುವ ಮುನ್ನ ಬೇಸಿಗೆಯ ಮಧ್ಯಾಹ್ನ ಮನೆಯಲ್ಲೇ ಈ ಪರೀಕ್ಷೆ ಮಾಡಬಹುದು. ಅಂತರ 10 ಡಿಗ್ರಿ ದಾಟಿದರೆ ಕೂಲರ್ ಚೆನ್ನಾಗಿ ನಡೆಯುತ್ತದೆ. 5ರ ಒಳಗಿದ್ದರೆ ಹಣ ಹಾಕುವುದು ತಕ್ಕುದಲ್ಲ.

ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಬೇಸಿಗೆಯ ಧಗೆ ಒಣ ಧಗೆ. ಗಾಳಿ 40 ಡಿಗ್ರಿ ಸೆಲ್ಸಿಯಸ್ ಇದ್ದು ತೇವಾಂಶ ಶೇ 20 ಇದ್ದರೆ ಒದ್ದೆ ಬಲ್ಬ್ ಉಷ್ಣಾಂಶ 22-23 ಡಿಗ್ರಿ. ಕೂಲರಿನಿಂದ ಹೊರಬರುವ ಗಾಳಿ 26ರ ಆಸುಪಾಸಿಗೆ ಇಳಿಯುತ್ತದೆ. ರಣಬಿಸಿಲಿನ ಹೊತ್ತಿನಲ್ಲೇ ಗಾಳಿಯ ತೇವಾಂಶ ಅತಿ ಕಡಿಮೆ ಇರುವುದರಿಂದ, ಬೇಕಾದ ಹೊತ್ತಿಗೇ ಯಂತ್ರ ಹೆಚ್ಚು ಕೆಲಸ ಮಾಡುತ್ತದೆ. ಮಂಗಳೂರು, ಕಾರವಾರದ ಸೆಕೆಯ ಬಗೆ ಬೇರೆ. ಗಾಳಿ 32 ಡಿಗ್ರಿ, ತೇವಾಂಶ ಶೇ 75 ಇದ್ದರೆ ಒದ್ದೆ ಬಲ್ಬ್ ಉಷ್ಣಾಂಶವೇ 28ರ ಸುಮಾರು. ಇಳಿಯುವುದು ಹೆಚ್ಚೆಂದರೆ ಮೂರು ಡಿಗ್ರಿ. ಕೋಣೆಯ ತೇವ ಹೆಚ್ಚಿ ಬೆವರು ಆರದೆ ಸೆಕೆಯೇ ಜಾಸ್ತಿಯೆನಿಸುತ್ತದೆ. ಅಲ್ಲಿ ಫ್ಯಾನು, ನೆರಳು, ಎದುರುಬದುರು ಕಿಟಕಿಗಳೇ ಮೇಲು. ಬೆಂಗಳೂರು, ಮೈಸೂರಿನ ಬೇಸಿಗೆ ಮಧ್ಯಾಹ್ನಗಳಿಗೆ ಕೂಲರ್ ಒಗ್ಗುತ್ತದೆ. ಸಂಜೆಯ ಮೇಲೆ ಹೆಚ್ಚಿನ ದಿನ ಕಿಟಕಿ ತೆರೆದರೆ ಸಾಕು.

ಊರು ಒಂದೇ ಆದರೂ ಋತು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಅಮೆರಿಕದ ಅರಿಜೋನಾ ಮರುಭೂಮಿಯ ಫೀನಿಕ್ಸ್ ನಗರದಲ್ಲಿ 1930ರ ದಶಕದಲ್ಲೇ ಇಂಥ ಕೂಲರ್‌ಗಳು ಮನೆಮನೆಗೆ ಹಬ್ಬಿದವು. ಜೂನ್ ತಿಂಗಳ ಒಣ ಬಿಸಿಲಿನಲ್ಲಿ ಅವು ಸೊಗಸಾಗಿ ನಡೆಯುತ್ತವೆ. ಜುಲೈಯಲ್ಲಿ ಅಲ್ಲಿಯ ಮಳೆಗಾಲದ ತೇವ ಬಂದೊಡನೆ ಸೋಲುತ್ತವೆ.

ಕೂಲರ್ ಇಡುವ ಜಾಗವೂ ಮುಖ್ಯ. ಏಸಿಗೆ ಕೋಣೆ ಮುಚ್ಚಿರಬೇಕು, ಕೂಲರಿಗೆ ತೆರೆದಿರಬೇಕು. ಅದನ್ನು ಕಿಟಕಿಯ ಹೊರಗೆ, ನೆರಳಿನಲ್ಲಿ ಕೂರಿಸಿ, ಎದುರುಗಡೆಯ ಕಿಟಕಿ ತೆರೆದಿಟ್ಟರೆ ತೇವಗೊಂಡ ಗಾಳಿ ಹೊರಹೋಗಿ ಒಣ ಗಾಳಿ ಬರುತ್ತದೆ. ಮುಚ್ಚಿದ ಕೋಣೆಯೊಳಗೆ ಇಟ್ಟರೆ ಅದೇ ಗಾಳಿ ಮತ್ತೆ ಮತ್ತೆ ಪ್ಯಾಡನ್ನು ಹಾದು ಸ್ವಲ್ಪ ಹೊತ್ತಿನಲ್ಲೇ ಮುಗ್ಗಲಾಗುತ್ತದೆ.

ತೇವ ಬೇಡವಾದ ಕಡೆ ಇನ್ನೊಂದು ವಿಧಾನವಿದೆ. ತೆಳು ಹಾಳೆಯ ಒಂದು ಬದಿಯಲ್ಲಿ ನೀರು ಆವಿಯಾಗುತ್ತದೆ. ಮನೆಯೊಳಗೆ ಹೋಗುವ ಗಾಳಿ ಇನ್ನೊಂದು ಬದಿಯಲ್ಲಿ ನೀರು ತಾಗದೆಯೇ ತಣಿಯುತ್ತದೆ. ಇದು ದುಬಾರಿ, ಕರಾವಳಿಯ ಹವೆಗೆ ಇದರ ಲಾಭವೂ ಅಲ್ಪವೇ.

ವಿದ್ಯುತ್ತಿನ ಉಳಿತಾಯಕ್ಕೆ ನೀರು ತೆರಬೇಕಾಗುತ್ತದೆ. ಕಡು ಬಿಸಿಲಿನಲ್ಲಿ ದೊಡ್ಡ ಕೂಲರ್ ಗಂಟೆಗೆ ಸುಮಾರು 10 ಲೀಟರ್ ಕುಡಿಯುತ್ತದೆ. 50 ಲೀಟರಿನ ತೊಟ್ಟಿ ಐದು ಗಂಟೆಯಲ್ಲಿ ಖಾಲಿ. ಕೊಡ ಹಿಡಿದು ನಲ್ಲಿಗೆ ಕಾಯುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಬೋರ್‌ವೆಲ್‌ನ ಗಡಸು ನೀರು ಆರಿದಾಗ ಸುಣ್ಣದಂಥ ಬಿಳಿ ಪೊರೆ ಪ್ಯಾಡಿಗೆ ಅಂಟಿ ಗಾಳಿಯ ದಾರಿ ಕಟ್ಟುತ್ತದೆ. ತಳದ ನೀರನ್ನು ಆಗಾಗ ಚೆಲ್ಲಿ ಹೊಸ ನೀರು ತುಂಬಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಈ ತೊಟ್ಟಿ ಮೆಚ್ಚಿನ ತಾಣ. ಅದರ ಮೊಟ್ಟೆಗಳು ತೊಟ್ಟಿಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ನೀರು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ಗೋಡೆಯನ್ನು ತಿಕ್ಕಿ ತೊಳೆಯಬೇಕು. ಮಳೆ ಹಿಡಿದ ಮೇಲೆ ಕೂಲರಿನಿಂದ ತಂಪು ಸಿಗದು. ಆಗ ತೊಟ್ಟಿಯನ್ನು ತಿಕ್ಕಿ, ಪ್ಯಾಡು ಒಣಗಿಸಿ, ಮುಂದಿನ ಬೇಸಿಗೆಯವರೆಗೆ ಮುಚ್ಚಿಡಬೇಕು.